ಗುರೆಳ್ಳಿನ ಡಬ್ಬಿ

ಡೆಲೊರೇನ್ ಊರು ದಾಟಿದ ಮ್ಯಾಲ ಎಡಕ್ಕ ಒಂದು ತಗಡಿನ ಶೆಡ್ಡು.
ಟಾಸ್ಮೇನಿಯಾದ ಚಳಿ ಅದರ ಮೂಲಿಮೂಲಿಗೂ ಗೊತ್ತು.
ಅಲ್ಲಿ ನಾನು ಕಾಳು ಹಸನು ಮಾಡತೀನಿ.
ಅವ್ವ ಮೊರದಾಗ ಕೇರತಾಳ, ನಾನು ಮಷೀನಿನ್ಯಾಗ.
ಧೂಳು ಮಾತ್ರ ಇಬ್ಬರ ಮೂಗಿಗೂ ಅದ ಧೂಳು.

ಗಸಗಸಿಗಿಂತ ದೊಡ್ಡದು, ಜ್ವಾಳಕ್ಕಿಂತ ಒಂದೀಟು ಸಣ್ಣದು,
ಬೂದಿ ಬಣ್ಣದ ಸಿಪ್ಪಿ ಮ್ಯಾಲ
ಯಾರೋ ಸೂಜಿ ಹಿಡದು ಬರದಂಗ ಗೀರು.
ಒಡದರ ಒಳಗ ಬೆಣ್ಣಿ, ಅಂಚಿಗೆ ಎಳೇ ಹಸರು.
ಹೆಂಪ್ ಅಂತಾರ.

ಅವ್ವಗ ಹೇಳಾಕ ಮೂರು ವಾರ ಹಿಡೀತು.
"ಭಂಗಿ ಬೀಜನ?"
ಅಷ್ಟ. ಆಮ್ಯಾಲ ಆಕಿ ಕುಕ್ಕರ್ ಎರಡು ಸೀಟಿ ಹೊಡೀತು.
"ನಿನಗೂ ಮಡಿವಾಳಪ್ಪ ಕಾಕಾನ ಗಾಳಿ ಬಡೀತೇನ?"

ಮಡಿವಾಳಪ್ಪ ಕಾಕಾ
ಅಗಸಿ ಕಟ್ಟಿ ಮ್ಯಾಲ ಚಿಲುಮಿ ಹಿಡದು ಕುಂತು
ಚಂದ್ರಗ ಹದಿನೈದು ದಿನದ ಲೆಕ್ಕ ಕೇಳಾಂವ.

"ಅವ್ವಾ, ಇದು ತಲಿಗೆ ಏರಾಂಗಿಲ್ಲ. ಇದರ ತಳಿ ಬ್ಯಾರೆ.
ಸರಕಾರದ ಲೈಸೆನ್ಸು ಐತಿ."
"ಲೈಸೆನ್ಸು ಸೆರೆ ಅಂಗಡಿಗೂ ಇರತೈತಿ."

ಇಲ್ಲಿ ಗುರೆಳ್ಳು ಸಿಗೂದು ಸಾಕಿದ ಹಕ್ಕಿಗೆ ಹಾಕೋ ಚೀಲದಾಗ.
ಎರಡು ಸಲ ಕೈಯಾಗ ಹಿಡದು ಅಲ್ಲೇ ಇಟ್ಟು ಬಂದೆ.
ಮೂರನೇ ಸಲ ಇದನ್ನ ಬಾಣಲಿಗೆ ಸುರದೆ.
ಉರಿ ಜೋರಾತು, ಕಹಿಯಾತು;
ಬಾಜೂಮನಿ ಕೋಳಿ ಸೈತ ಮೂಸಿ ಹಿಂದ ಸರದವು.
ಸಣ್ಣ ಉರಿ ಬೇಕು ಇದಕ್ಕ.
ಒಂದು ಕಾಳು ಚಟ್ ಅಂತು, ಮತ್ತೊಂದು ಚಟ್ ಅಂತು,
ಮೂರನೇದು ಅನ್ನೋದರಾಗ ಇಳಿಸಬೇಕು.
ಬ್ಯಾಡಗಿ ಮೆಣಸಿನಕಾಯಿ, ಬಳ್ಳೊಳ್ಳಿ, ಫ್ರೀಜರಿನ ಕರಿಬೇವು,
ಹುಣಸಿ, ಉಪ್ಪು. ಕುಟ್ಟಾಕ ಒರಳಿಲ್ಲ, ಕಾಫಿ ಮಿಕ್ಸರ್ ಐತಿ.
ಎಣ್ಣಿ ಬಿಟಗೊಂಡು ಪುಡಿ ತಾನ ಮುದ್ದಿ ಆಗಾಕ ನೋಡತೈತಿ,
ಆಗ ಕೈ ನಿಲ್ಲಿಸಬೇಕು.
ಬಿಸಿ ರೊಟ್ಟಿ, ಮೊಸರು, ಈ ಚಟ್ನಿ.
ಮೊದಲನೇ ತುತ್ತಿಗೆ ಗುರೆಳ್ಳಲ್ಲ ಅನಿಸ್ತು.
ಮೂರನೇ ತುತ್ತಿಗೆ ಆ ಮಾತು ನೆನಪಾಗಲಿಲ್ಲ.

ಚಾ ಕುಡಿಯೋ ಬಿಡುವಿಗೆ ಇಲ್ಲಿ ಸ್ಮೋಕೋ ಅಂತಾರ.
ಯಾರೂ ಸೇದಾಂಗಿಲ್ಲ, ಹೆಸರು ಅಷ್ಟ ಉಳದೈತಿ.
ಫೋರ್ಕ್‌ಲಿಫ್ಟ್ ಓಡಿಸೋ ಕೋರಲ್ ಜೆಸಪ್‌ಗ ಸಕ್ಕರಿ ಬ್ಯಾನಿ.
ಆಕಿಗಂತ ಬೆಲ್ಲ ಬಿಟ್ಟು ಉಂಡಿ ಕಟ್ಟಿದೆ:
ಸಿಪ್ಪಿ ತಗದ ಬೀಜ, ಹುರದ ಶೇಂಗಾ, ನಾಕ ಖಜೂರ, ಯಾಲಕ್ಕಿ.
ಖಜೂರಾನೂ ಸಿಹೀನ ಅಂತ ಆಕಿಗೂ ಗೊತ್ತು,
ಒಂದ ತಿಂದಳು, ಒಂದನ್ನ ಕಿಸೆದಾಗ ಇಟಗೊಂಡಳು.
ಭಂಗಿ, ಅವ್ವ, ಕಾಕಾ, ಎಲ್ಲಾ ಹೇಳಿದೆ.
ಆಕಿ ಭುಜ ಹಾರಿಸಿದಳು.
"ನಮ್ಮಪ್ಪ ಅಫೀಮು ಬೆಳೀತಿದ್ದ, ಕಾರಖಾನಿ ಔಷಧಕ್ಕ.
ಬೇಲಿಗೆ ಎಚ್ಚರಿಕಿ ಫಲಕ.
ನಮ್ಮವ್ವ ಪ್ಯಾಟಿ ಗಸಗಸಿ ತಂದು ಐತವಾರ ಕೇಕ್ ಸುಡತಿದ್ದಳು.
ಅದೂ ಅದ ಗಿಡದ್ದು."

ಬೇಲಿಯೊಳಗಿನ ಬಿಳೇ ಹೂವು ನಾನೂ ಬಸ್ಸಿನಿಂದ ನೋಡೀನಿ.

ಅವತ್ತು ರಾತ್ರಿ ಫೋನ್ ಹಚ್ಚಿದೆ.
"ಅವ್ವಾ, ಹಬ್ಬಕ್ಕ ನೀ ಮಾಡೋ ಗಸಗಸಿ ಪಾಯಸ,
ಅದು ಯಾವ ಗಿಡದ ಬೀಜ?"
ಆ ಕಡೆ ಮಾತಿಲ್ಲ.
ಪಾಯಸ ಕುಡದ ಮಧ್ಯಾಹ್ನ
ಅಜ್ಜ, ಎರಡು ಬೆಕ್ಕು, ಬಡ್ಡಿ ವಸೂಲಿಗೆ ಬಂದಾಂವ ಸೈತ
ಪಡಸಾಲ್ಯಾಗ ಸಾಲಾಗಿ ಗೊರಕಿ ಹೊಡದದ್ದು
ಇಬ್ಬರಿಗೂ ನೆನಪಾಗಿರಬೇಕು.

"ಹುಣಸಿ ಎಷ್ಟು ಹಾಕಿದಿ?" ಅಂದಳು ಕಡೀಕ.
"ಅಡಕಿಯಷ್ಟು."
"ಕಮ್ಮಿ ಆತು."
ಮತ್ತ ಒಂದೀಟು ತಡದು:
"ನಮ್ಮ ಮಡಿವಾಳಪ್ಪಗ ಗುರೆಳ್ಳ ಚಟ್ನಿ ಅಂದರ ಜೀವ.
ಯಾರೂ ಕರೀದಿದ್ದರೂ ನಮ್ಮ ಹಿತ್ತಲ ಬಾಗಿಲಿಗೆ ಬರತಿದ್ದ.
ಕೈ ತೊಳಕೊಂಡ ಬರತಿದ್ದ, ಪಾಪ."

ನನ್ನ ಡಬ್ಬಿ ಮ್ಯಾಲ ಈಗೂ "ಗುರೆಳ್ಳು" ಅಂತ ಐತಿ,
ಅವ್ವನ ಅಕ್ಷರ, ಎಣ್ಣಿ ಕೈಲೆ ಅರ್ಧ ಅಳಸೈತಿ.
ಒಳಗ ಇರೂದು ಬ್ಯಾರೆ.
ಹುಣಸಿ ಈ ಸಲ ಜಾಸ್ತಿ ಹಾಕೀನಿ.